ಇಪ್ಪತ್ತು ನಿಮಿಷದ ಏರು

ಲೋಕದಲ್ಲಿ ದಣಿದವರಿಗೇನೂ ಬರವಿಲ್ಲ. ಆದರೆ ಲಾರಿಯಪ್ಪ ದಣಿದ ಹಾಗೆ ದಣಿಯಬೇಕಾದರೆ ಇಪ್ಪತ್ತಾರು ವರ್ಷದ ಸಾಧನೆ ಬೇಕು. ಬೆಳಗ್ಗೆ ಏಳುವಾಗಲೇ ಅವನಿಗೆ ಸಂಜೆಯ ಸುಸ್ತು ಇರುತ್ತಿತ್ತು. ಸಂಜೆಗೆ ಅದರ ಮೇಲೆ ಮಾರನೆಯ ದಿನದ ಸುಸ್ತೂ ಬಂದು ಕೂತಿರುತ್ತಿತ್ತು. ಎಲ್ಲಕ್ಕೂ ಕಾರಣ ಅವನ ಲಾರಿ. (ಇಟ್ಟಿಗೆ, ಮರಳು, ಜಲ್ಲಿ ಹೊರುವ ಲಾರಿ. ಕೇರಿಯವರು ಅವನನ್ನು ಲಾರಿಯಪ್ಪ ಅಂದದ್ದೂ ಅದರ ದೆಸೆಯಿಂದಲೇ.) ವಯಸ್ಸಿನಲ್ಲಿ ಅದು ಅವನಿಗಿಂತ ಎರಡು ವರ್ಷ ಹಿರಿದು. ಹಾಗಾಗಿ ಬೆಳಗ್ಗೆ ಕೀಲಿ ತಿರುಗಿಸುವಾಗ ಅವನು, "ಏಳಿ ಮಹಾರಾಯ್ರೇ, ಹೊತ್ತಾಯ್ತು" ಎಂದು ಬಹುವಚನದಲ್ಲೇ ಬೇಡಿಕೊಳ್ಳುತ್ತಿದ್ದ.

ಮಹಾರಾಯರು ಎದ್ದರೆ ಊರೇ ಏಳುತ್ತಿತ್ತು. ಆ ಇಂಜಿನ್ನಿನ ಸದ್ದಿಗೆ ಅಡುಗೆಮನೆಯ ಗೂಡಿನಲ್ಲಿ ತಟ್ಟೆ ಲೋಟಗಳು ಸ್ಥಾನಪಲ್ಲಟ ಮಾಡಿಕೊಳ್ಳುತ್ತಿದ್ದವು. ಕೇರಿಯ ಕಾಗೆಗಳು ಸಂಸಾರ ಸಮೇತ ಗುಳೆ ಎದ್ದು ಹನ್ನೆರಡು ವರ್ಷವಾಗಿತ್ತು. ಇನ್ನು ವೇಗ ಅಂತೀರಾ? ಲಾರಿಯಪ್ಪನ ಮನೆ ಇದ್ದದ್ದು ಒಂದು ಏರಿನ ತುದಿಯಲ್ಲಿ. ಬುಡದಲ್ಲಿ ಮೊದಲನೇ ಗೇರು ಹಾಕಿದರೆ ಮನೆ ಮುಂದೆ ಬ್ರೇಕು ಒತ್ತುವಷ್ಟರಲ್ಲಿ ಇಪ್ಪತ್ತು ನಿಮಿಷ. ಒಮ್ಮೆ ಒಂದು ಶವಯಾತ್ರೆ ಲಾರಿಯನ್ನು ಹಿಂದೆ ಹಾಕಿ ಮುಂದೆ ಹೋಗಿತ್ತು. ಹೆಗಲು ಕೊಟ್ಟವರಲ್ಲೊಬ್ಬ ತಿರುಗಿ ನೋಡಿ "ಪಾಪ" ಅಂದನಂತೆ. ಅಂದದ್ದು ಸತ್ತವನಿಗಲ್ಲ.

ಏರಿನ ಬುಡದಲ್ಲಿ ಒಂದು ಚಹಾದಂಗಡಿ, ಅದರ ಮುಂದೊಂದು ಉದ್ದನೆಯ ಬೆಂಚು. ಪ್ರತಿ ಸಂಜೆ ಅಲ್ಲಿ ಅದೇ ಮೂವರು ಕೂತಿರುತ್ತಿದ್ದರು: ಪೋಸ್ಟ್‌ಮ್ಯಾನು, ಟೈಲರು, ಡ್ರಿಲ್ ಮೇಷ್ಟ್ರು. ಕೈಯಲ್ಲಿ ಖಾಲಿ ಲೋಟ, ಕಣ್ಣು ಏರಿನ ಮೇಲೆ. ಕ್ಯಾಬಿನ್ನಿನ ಎತ್ತರದಿಂದ ಅವರನ್ನು ನೋಡಿ ಲಾರಿಯಪ್ಪ ದಿನವೂ ಮರುಗುತ್ತಿದ್ದ: "ಮನೇಲಿ ಕಾಯೋರಿಲ್ಲದ ಪ್ರಾಣಿಗಳು. ಇದ್ದಿದ್ರೆ ಹೀಗೆ ಬೀದೀಲಿ ಕೂರ್ತಿದ್ವಾ?"

ಏಕೆಂದರೆ ಅವನಿಗೆ ಕಾಯುವವರಿದ್ದರು. ಸೊಂಟ ಹೋಗಲಿ, ಕಿವಿ ಹೋಗಲಿ, ಆ ಒಂದು ಹೆಮ್ಮೆ ಮಾತ್ರ ಅವನಿಗೆ ಉಳಿದಿತ್ತು. ಅವನು ಲಾರಿಯಿಂದ ಇಳಿಯುವುದಕ್ಕೂ ಹೆಂಡತಿ ಬಾಗಿಲಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಬಚ್ಚಲಲ್ಲಿ ಬಿಸಿನೀರು ಹಬೆಯಾಡುತ್ತಿರುತ್ತಿತ್ತು. ಅವನ ಒರಗು ಕುರ್ಚಿಯ ಮೇಲಿನ ದಿಂಬು ಆಗತಾನೇ ಕೊಡವಿ ಇಟ್ಟ ಹಾಗೆ ಉಬ್ಬಿರುತ್ತಿತ್ತು. ಟೀ ನಾಲಿಗೆ ಸುಡುವುದಿಲ್ಲ, ಆರಿರುವುದೂ ಇಲ್ಲ. ಕಾಲೇಜಿಗೆ ಹೋಗುವ ಮಗಳು ದಪ್ಪನೆಯ ಪುಸ್ತಕದಲ್ಲಿ ಮುಖ ಹುದುಗಿಸಿರುತ್ತಿದ್ದಳು. ಮೂರು ವರ್ಷದಿಂದ ಮಂಡಿನೋವಿನಿಂದ ಹಾಸಿಗೆ ಹಿಡಿದಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಗೋಡೆಯ ಕಡೆ ತಿರುಗಿ ಮಲಗಿದ್ದವರು ಕ್ಷೀಣ ಸ್ವರದಲ್ಲಿ, "ಬಂದ್ರಾ ಅಳಿಯಂದ್ರೇ" ಎನ್ನುತ್ತಿದ್ದರು. ಮನೆಯೋ ಸಾಕ್ಷಾತ್ ತಪೋವನ. ಒಂದು ಪಿಟ್ಟೆಂಬ ಸದ್ದಿಲ್ಲ.

"ನಾನು ಬರೋ ಹೊತ್ತು ಇವಳಿಗೆ ಹೇಗೆ ತಿಳಿಯುತ್ತೆ?" ಎಂದು ಲಾರಿಯಪ್ಪ ಟೀ ಹೀರುತ್ತ ಬೆರಗಾಗುತ್ತಿದ್ದ. "ಐದಕ್ಕೆ ಬರಲಿ, ಏಳಕ್ಕೆ ಬರಲಿ, ನಿಂತಿರ್ತಾಳೆ. ಪಾತಿವ್ರತ್ಯ ಅಂದ್ರೆ ಇದೇ."

ಹೀಗಿರುವಾಗ ಮಹಾರಾಯರು ಹೊಗೆ ಕಾರಲು ಶುರುಮಾಡಿದರು. ನೀಲಿ ಹೊಗೆ. ಡೀಸೆಲ್ಲಿಗಿಂತ ಆಯಿಲ್ಲನ್ನೇ ಹೆಚ್ಚು ಕುಡಿಯತೊಡಗಿದರು. ಕೊನೆಗೊಂದು ದಿನ ಏರಿನ ಮಧ್ಯದಲ್ಲಿ ಎಂಥ ಮೋಡ ಎದ್ದಿತೆಂದರೆ, ಮೇಲಿನ ಮನೆಯವರು ಮಳೆ ಬಂತೆಂದು ಒಣಗಿದ ಬಟ್ಟೆ ಒಳಗೆ ತೆಗೆದರು.

ಶೆಡ್ಡಿನ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಇಂಜಿನ್ನಿಗೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದ. ಆಮೇಲೆ ಇಂಜಿನ್ ಆಫ್ ಮಾಡಿ ಸ್ಕ್ರೂಡ್ರೈವರ್ ಒರೆಸಿಟ್ಟ.

"ಏನಂತೆ?" ಎಂದ ಲಾರಿಯಪ್ಪ.

"ಸಾಕು ಅಂತಿದೆ."

"ನನ್ ಬಾಯಿಂದ ಇಪ್ಪತ್ತು ವರ್ಷದಿಂದ ಅದೇ ಮಾತು ಬರ್ತಿದೆ. ನನ್ನನ್ನ ಯಾರೂ ಶೆಡ್ಡಿಗೆ ಬಿಟ್ಟಿಲ್ಲ. ಮುಂದೇನು ಹೇಳಪ್ಪ."

"ಎರಡು ದಾರಿ ಇದೆ. ಇಂಜಿನ್ ಇಳಿಸಿ, ಬಿಚ್ಚಿ, ಬೋರ್ ಮಾಡ್ಸಿ, ಹೊಸ ಪಿಸ್ಟನ್ನು, ರಿಂಗು, ಬೇರಿಂಗು ಹಾಕಿ ಕೂರಿಸ್ಬಹುದು. ಇಲ್ಲಾಂದ್ರೆ ಇದನ್ನ ಎಸೆದು ಬೇರೆ ಇಂಜಿನ್ನೇ ಇಡಬಹುದು. ಮನೇಲಿ ಒಂದ್ಮಾತು ಕೇಳ್ಕೊಂಡು ಬನ್ನಿ."

"ಇಂಜಿನ್ ವಿಷ್ಯ ಮನೇಲಿ ಯಾಕೆ ಕೇಳ್ಬೇಕು?"

"ಇಂಜಿನ್ ಕೆಟ್ರೆ ನಾನು ಸರಿಮಾಡ್ತೀನಿ, ಸ್ವಾಮಿ. ಮನೇಲಿ ಕೆಟ್ರೆ ಅದಕ್ಕೆ ನನ್ಹತ್ರ ಸ್ಪ್ಯಾನರ್ ಇಲ್ಲ."

ಲಾರಿಯಪ್ಪನ ಮನಸ್ಸು ಆಗಲೇ ಬೇರೆ ಇಂಜಿನ್ನಿನ ಕಡೆ ವಾಲಿತ್ತು. ಏರು ಮೂರು ನಿಮಿಷದಲ್ಲಿ ಹತ್ತಿದರೆ ದಿನಕ್ಕೆ ಹದಿನೇಳು ನಿಮಿಷ ಮೊದಲೇ ಆ ಕುರ್ಚಿ, ಆ ಟೀ, ಕಾದು ಕೂತ ಆ ಮೂರು ಜೀವಗಳು! ಹೆಂಡತಿಯ ಒಪ್ಪಿಗೆಯೂ ಸಿಕ್ಕಂತೆಯೇ. ಮದುವೆಯಾದ ಮಾರನೇ ದಿನದಿಂದ ಅವಳು ಆ ಇಂಜಿನ್ನಿಗೆ ಹಾಕದ ಶಾಪವಿರಲಿಲ್ಲ. ಆದ್ದರಿಂದ ಟೀ ಮುಗಿಸಿ ಗಂಭೀರವಾಗಿ ವಿಷಯ ಮಂಡಿಸಿದ.

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಬೇರೆ ಇಂಜಿನ್ನಾ? ಬೇಡಾರೀ."

"ಬೇಡ್ವಾ? ನೀನೇ ಅಲ್ವೇ ಅದನ್ನ ಹಾಳು ಬಾವಿಗೆ ಹಾಕಿ ಅಂತಿದ್ದದ್ದು?"

"ಕೋಪದಲ್ಲಿ ನಿಮ್ಮನ್ನೂ ಹಾಳು ಬಾವಿಗೆ ಹಾಕ್ಬೇಕು ಅಂದಿದೀನಿ. ಹಾಕಿದ್ನಾ? ಹಳೇದನ್ನೇ ರಿಪೇರಿ ಮಾಡ್ಸಿ. ಸದ್ದು ಮಾತ್ರ ಹಾಗೇ ಇರ್ಲಿ."

"ಹೌದಪ್ಪಾ" ಎಂದಳು ಮಗಳು, ಪುಸ್ತಕದಿಂದ ಮುಖ ಎತ್ತದೆ. "ಆ ಸೌಂಡ್ ಕೇಳಿದ್ರೇನೇ ನಂಗೆ ಓದಬೇಕು ಅನ್ನಿಸೋದು."

ಗೋಡೆಯ ಕಡೆಯಿಂದ ಅತ್ತೆಯ ಕ್ಷೀಣ ಸ್ವರ ಬಂತು: "ನಾನಂತೂ ಆ ಸದ್ದು ನಂಬ್ಕೊಂಡೇ ಬದುಕಿದೀನಿ, ಅಳಿಯಂದ್ರೇ."

ತನ್ನ ಮೇಲಿನ ಪ್ರೀತಿ ಇಂಜಿನ್ನಿನವರೆಗೂ ಹರಡಿದೆಯೆಂದು ಲಾರಿಯಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಬಚ್ಚಲಿಗೆ ಹೋಗಿ ಎರಡು ಸಲ ಮುಖ ತೊಳೆದುಕೊಂಡ.

ಇಂಜಿನ್ ಕೆಲಸ ಎಂದರೆ ಲಾರಿಯ ಒಡೆಯ ಶೆಡ್ಡು ಬಿಟ್ಟು ಕದಲುವಂತಿಲ್ಲ. ಕದಲಿದರೆ ಇವನ ಲಾರಿಯ ನಟ್ಟು ಇನ್ನೊಬ್ಬನ ಲಾರಿಯಲ್ಲಿ ಸಂಸಾರ ಹೂಡಿಬಿಡುತ್ತದೆ. ಹಿಂದೆ ಲಾರಿ ಕೆಟ್ಟಾಗಲೆಲ್ಲ ಅವನು ಕ್ಯಾಬಿನ್ನಿನಲ್ಲೇ ಮಲಗಿದ್ದ; ಲಾರಿ ಬಿಟ್ಟು ಕಾಲ್ನಡಿಗೆಯಲ್ಲಿ ಮನೆಗೆ ಬಂದವನೇ ಅಲ್ಲ. ಈಗಲೂ ಹಾಸಿಗೆ ಸುತ್ತಿಕೊಂಡು ಹೋದ.

ಎರಡನೇ ದಿನ ಮೇಸ್ತ್ರಿ ಇಂಜಿನ್ ಬಿಚ್ಚಿ ಅವನನ್ನು ಕರೆದ. "ಬಗ್ಗಿ ನೋಡಿ. ಇದು ಆಗ್ಲೇ ಮೂರು ಸಲ ಬೋರ್ ಆಗಿದೆ. ಇನ್ನೊಂದ್ಸಲ ಕೊರೆದ್ರೆ ಸಿಲಿಂಡರ್ ಉಳಿಯಲ್ಲ, ತೂತು ಮಾತ್ರ ಉಳಿಯುತ್ತೆ. ಬ್ಲಾಕ್ ಬೇರೆ ಬಿರುಕು ಬಿಟ್ಟಿದೆ."

"ಮನೇಲಿ ಇದೇ ಬೇಕಂತಿದಾರಲ್ಲಪ್ಪ!"

"ಹಾಗಾದ್ರೆ ಮನೆಗೆ ತಗೊಂಡ್ಹೋಗಿ ಇಟ್ಕೊಳ್ಳಿ. ಲಾರಿಗಂತೂ ಆಗಲ್ಲ."

ಪಕ್ಕದಲ್ಲೇ ಹೆಚ್ಚು ಓಡಿರದ ಒಂದು ಇಂಜಿನ್ನು ಮದುವಣಗಿತ್ತಿಯಂತೆ ಮುಸುಕು ಹಾಕಿಕೊಂಡು ಕೂತಿತ್ತು. ಲಾರಿಯಪ್ಪ ಅದನ್ನೂ ನೋಡಿದ, ಬಿಚ್ಚಿ ಬಿದ್ದ ಮಹಾರಾಯರನ್ನೂ ನೋಡಿದ. ಸೊಂಟ ಚಳಕ್ ಎಂದಿತು. "ಕೂರ್ಸು" ಎಂದ. ಮನೆಗೆ ಹೇಳಲಿಲ್ಲ. ಹದಿನೇಳು ನಿಮಿಷ ಮೊದಲೇ ಹೋಗಿ ಮುಂದೆ ನಿಂತರೆ ಅವರೇ ಕುಣಿದಾಡುತ್ತಾರೆ ಎಂದುಕೊಂಡ.

(ಕುಣಿದಾಟದ ವಿಷಯದಲ್ಲಿ ಅವನ ಅಂದಾಜು ತಪ್ಪಲಿಲ್ಲ.)

ಐದನೇ ದಿನ ಸಂಜೆ ಲಾರಿ ಏರಿನ ಬುಡಕ್ಕೆ ಬಂತು. ಬೆಂಚಿನ ಮೂವರು ಅದು ಯಾರದೋ ಲಾರಿಯೆಂದು ತಲೆಯೆತ್ತಲಿಲ್ಲ. ಮೂರನೇ ಗೇರಿನಲ್ಲಿ ಲಾರಿ ಬೆಣ್ಣೆಯಿಂದ ಕೂದಲೆಳೆದ ಹಾಗೆ ಏರಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಲಾರಿಯಪ್ಪನಿಗೆ ತನ್ನ ಉಸಿರಾಟ ತನಗೇ ಕೇಳಿಸಿತು; ಟೈರಿನಿಂದ ಗಾಳಿ ಹೋಗುತ್ತಿದೆಯೆಂದು ಒಮ್ಮೆ ಇಳಿದು ನೋಡಿದ.

ಬಾಗಿಲಲ್ಲಿ ಹೆಂಡತಿ ಇರಲಿಲ್ಲ. ಬಚ್ಚಲಲ್ಲಿ ಹಬೆ ಇರಲಿಲ್ಲ. ಒಳಗಿನಿಂದ ಢಣಢಣ ಸದ್ದು ಕೇಳಿಬರುತ್ತಿತ್ತು. ಲಾರಿಯಪ್ಪ ಮೆಲ್ಲಗೆ ಇಣುಕಿದ.

ಮಗಳು ದಪ್ಪ ಪುಸ್ತಕದ ಮೇಲೆ ಪೃಷ್ಠ ಊರಿ, ಡಬ್ಬವೊಂದನ್ನು ಮಗುಚಿ ಎರಡು ಚಮಚದಲ್ಲಿ ಬಾರಿಸುತ್ತಿದ್ದಳು. ಹೆಂಡತಿ ಅವನ ಕುರ್ಚಿಯಲ್ಲಿ ಒರಗಿ, ಕಾಲೆರಡನ್ನೂ ಮೇಜಿನ ಮೇಲೆ ಚಾಚಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಡುವೆ, ಹೆಗಲ ಮೇಲೊಂದು ಟವೆಲು, ಕೈಯಲ್ಲಿ ಸ್ಟೇರಿಂಗಿನ ಹಾಗೆ ಹಿಡಿದ ಪಾತ್ರೆಯ ಮುಚ್ಚಳ, ಯಾರೋ ಒಬ್ಬರು ಸೊಂಟ ಬಗ್ಗಿಸಿಕೊಂಡು ಗಿರಗಿರ ಸುತ್ತುತ್ತಿದ್ದರು.

"ಅಬ್ಬಬ್ಬಬ್ಬಾ, ಸೊಂಟ! ಯಾರಿದೀರೇ ಒಳಗೆ? ಟೀ ಎಲ್ಲಿ? ಇಪ್ಪತ್ತಾರು ವರ್ಷ! ಯಾರಿಗೋಸ್ಕರ ದುಡೀತಿದೀನಿ ನಾನು? ಏಳಿ ಮಹಾರಾಯ್ರೇ! ಅಬ್ಬಬ್ಬಬ್ಬಾ!"

ಆ ನರಳಿಕೆ, ಆ ಕುಂಟು ನಡಿಗೆ, ಮಾತಿಗೊಮ್ಮೆ ಮೂಗಿನಿಂದ ಬಿಡುವ ಆ ನಿಟ್ಟುಸಿರು! ಲಾರಿಯಪ್ಪ ತಡೆಯಲಾರದೆ ಬಾಗಿಲ ಚೌಕಟ್ಟಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಯಾರಪ್ಪಾ ಈ ಮುದಿಗೊಡ್ಡು! ಎಂಥಾ..."

ಆಗ ಟವೆಲಿನ ಅಂಚು ಕಣ್ಣಿಗೆ ಬಿತ್ತು. ಅದು ಅವನ ಟವೆಲು.

ಮೂರು ತಲೆಗಳು ಒಟ್ಟಿಗೆ ತಿರುಗಿದವು. ಮುಚ್ಚಳ ಅತ್ತೆಯ ಕೈಯಿಂದ ಜಾರಿ, ಉರುಳಿ, ಸುತ್ತಿ ಸುತ್ತಿ, ಅವನ ಕಾಲ ಬಳಿ ಬಂದು ಅಂಗಾತ ಬಿತ್ತು. "ಅಯ್ಯೋ, ನನ್ನ ಮಂಡಿ!" ಎಂದು ಅತ್ತೆ ಚೀರಿದರು. ಗಾಬರಿಯಲ್ಲಿ ಹಿಡಿದುಕೊಂಡದ್ದು ಮಾತ್ರ ಮೊಣಕೈಯನ್ನು.

ಹೆಂಡತಿ ಧಡಕ್ಕನೆ ಕಾಲಿಳಿಸಿದಳು. "ಏನ್ರೀ ಇದು, ಕಳ್ಳನ ಹಾಗೆ ಬರೋದು?"

"ನನ್ನ ಮನೆಗೆ ನಾನು ಬಂದೆ ಕಣೇ!"

"ಬರ್ಬೇಡಿ ಅಂದ್ನಾ? ಹೇಳಿ ಬರ್ಬೇಕು."

"ಇಪ್ಪತ್ತಾರು ವರ್ಷದಲ್ಲಿ ಯಾವತ್ತು ಹೇಳಿ ಬಂದಿದೀನಿ?"

"ದಿನಾ ಹೇಳ್ಕೊಂಡೇ ಬಂದಿದೀರಿ. ಊರಿಗೆಲ್ಲ ಕೇಳೋ ಹಾಗೆ. ನೀವು ಏರಿನ ಬುಡದಲ್ಲಿ ಗೇರ್ ಹಾಕಿದ್ರೆ ನಾನು ಒಲೆ ಹಚ್ತೀನಿ. ಇವಳು ಡಬ್ಬ ಒಳಗಿಡ್ತಾಳೆ, ಅಮ್ಮ ಹಾಸಿಗೆ ಹಾಸ್ಕೋತಾಳೆ. ದಿಂಬು ಕೊಡವಿ ನಾನು ಬಾಗಿಲಿಗೆ ಬರೋದಕ್ಕೂ ನೀವು ಇಳಿಯೋದಕ್ಕೂ ಸರಿಹೋಗುತ್ತೆ." ಅವನ ಹಿಂದೆ ನಿಂತಿದ್ದ ಲಾರಿಯತ್ತ ನೋಡಿದಳು. "ಬದಲಾಯ್ಸಿಬಿಟ್ರಾ? ಅಷ್ಟು ಹೇಳಿದ್ರೂ?"

ಪಾತಿವ್ರತ್ಯವೆಂದು ಅವನು ಪೂಜಿಸಿಕೊಂಡು ಬಂದದ್ದು, ಹಾಗಾದರೆ, ಸವೆದ ಪಿಸ್ಟನ್ನಿನ ಸದ್ದು. ಲಾರಿಯಪ್ಪ ತಾನೇ ಒಲೆ ಹಚ್ಚಿ ಟೀ ಮಾಡಿಕೊಂಡ. ಕುರ್ಚಿ ಇನ್ನೂ ಬೆಚ್ಚಗಿತ್ತು.

ಮುಂದಿನ ಮೂರು ದಿನ ಇದಕ್ಕಿಂತ ಘೋರ. ಅವನು ಯಾವ ಗಳಿಗೆಯಲ್ಲಿ ಪ್ರತ್ಯಕ್ಷನಾಗುತ್ತಾನೋ ತಿಳಿಯದೆ ಮನೆ ಮಧ್ಯಾಹ್ನದಿಂದಲೇ ತಪೋವನವಾಯಿತು. ಹೆಂಡತಿ ಐದೈದು ನಿಮಿಷಕ್ಕೆ ಬಾಗಿಲಿಗೆ ನಡೆದು ನಡೆದು ಕಾಲು ಬಾತಿಸಿಕೊಂಡಳು. ಮಗಳು ನಿಜವಾಗಿಯೂ ಓದಿ ಬಡಕಲಾದಳು. ಇಡೀ ದಿನ ಮಲಗಿದ್ದ ಅತ್ತೆಗೆ ನಿಜವಾಗಿಯೂ ಮಂಡಿನೋವು ಬಂತು. ಎಂಟು ಸಲ ಕುದಿದ ಟೀಗೆ ತಾಮ್ರದ ಬಿಂದಿಗೆ ತೊಳೆಯುವ ಶಕ್ತಿ ಬಂದಿತ್ತು. ನಗು ಮಾತ್ರ ಎಲ್ಲೂ ಇರಲಿಲ್ಲ. ಆ ನಗುವೇ ಲಾರಿಯಪ್ಪನನ್ನು ಕಾಡಿತು. ಹೆಂಡತಿ ಹಾಗೆ ನಗುವುದನ್ನು ಅವನು ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡಿದ್ದ. ಆಗಲೂ ಅವನು ಕೆಸರಿನಲ್ಲಿ ಜಾರಿ ಬಿದ್ದಿದ್ದ.

ನಾಲ್ಕನೇ ದಿನ ಶೆಡ್ಡಿಗೆ ಹೋದ. "ಮೇಸ್ತ್ರಿ, ನನ್ನ ಹಳೇ ಇಂಜಿನ್ನು ಎಲ್ಲಿ?"

"ಗುಜರಿಯವನು ಹೊತ್ಕೊಂಡು ಹೋದ. ಯಾಕೆ?"

"ಹಾಗಾದ್ರೆ ಇದನ್ನೇ ಒಂಚೂರು ಕೆಡಿಸಿಕೊಡಕ್ಕಾಗುತ್ತಾ?"

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. "ಮೂವತ್ತು ವರ್ಷದಿಂದ ಎಷ್ಟೋ ಇಂಜಿನ್ ಕೆಡಿಸಿದೀನಿ, ಸ್ವಾಮಿ. ಆದ್ರೆ ಕೇಳ್ಕೊಂಡು ಬಂದೋರು ನೀವೇ ಮೊದಲು."

ಕೊನೆಗೆ ತೀರ್ಪು ಮನೆಯಿಂದಲೇ ಬಂತು. "ಏರಿನ ಬುಡದಲ್ಲಿ ಒಂದ್ಸಲ ಉದ್ದಕ್ಕೆ ಹಾರ್ನ್ ಹೊಡೀರಿ" ಎಂದಳು ಹೆಂಡತಿ, ಬಾತ ಕಾಲು ಒತ್ತಿಕೊಳ್ಳುತ್ತ. "ಆಮೇಲೆ ನಿಧಾನವಾಗಿ ಬನ್ನಿ. ಮೊದಲಿನ ಹಾಗೆ."

"ಮೊದಲಿನ ಹಾಗೆ ಅಂದ್ರೆ?"

"ಇಪ್ಪತ್ತು ನಿಮಿಷ."

ಮಾರನೆಯ ಸಂಜೆ ಲಾರಿಯಪ್ಪ ಏರಿನ ಬುಡದಲ್ಲಿ ಲಾರಿ ನಿಲ್ಲಿಸಿ, ಹಾರ್ನ್ ಒತ್ತಿ, ಕೆಳಗಿಳಿದ. ಎಲ್ಲಿ ಕೂರುವುದೆಂದು ಅತ್ತಿತ್ತ ನೋಡಿದ. ಬೆಂಚಿನ ಮೇಲಿದ್ದ ಪೋಸ್ಟ್‌ಮ್ಯಾನು, ಟೈಲರು, ಡ್ರಿಲ್ ಮೇಷ್ಟ್ರು ಒಟ್ಟಿಗೆ ಒಂದು ಗೇಣು ಜರುಗಿದರು. ಆಗ ಅವನು ಗಮನಿಸಿದ: ಬೆಂಚಿನ ಹಿಂದೆ ಪೋಸ್ಟ್‌ಮ್ಯಾನಿನ ಹೊಸ ಬ್ಯಾಟರಿ ಸ್ಕೂಟರು ನಿಂತಿತ್ತು. ಸೊಳ್ಳೆಯಷ್ಟೂ ಸದ್ದು ಮಾಡದ್ದು. ಅದರ ಪಕ್ಕ ಡ್ರಿಲ್ ಮೇಷ್ಟ್ರ ಸೈಕಲ್ಲು, ಕಿರುಗುಟ್ಟದ ಹಾಗೆ ಹೊಸದಾಗಿ ಎಣ್ಣೆ ಬಿಟ್ಟದ್ದು. ಟೈಲರ ಕಾಲಲ್ಲಿ ಹೊಸ ರಬ್ಬರ್ ಚಪ್ಪಲಿ.

ಅವನ ಕೈಗೂ ಒಂದು ಲೋಟ ಬಂತು. ಏರಿನ ತುದಿಯಿಂದ ಡಬ್ಬದ ಸದ್ದು ಸಣ್ಣಗೆ ಕೇಳುತ್ತಿತ್ತು. ನಡುವೆ ಯಾರೋ ನಕ್ಕ ಹಾಗೂ ಆಯಿತು.

"ನಿಮ್ಮನೇಲಿ ಎಷ್ಟು ಹೇಳಿದಾರೆ?" ಎಂದು ಡ್ರಿಲ್ ಮೇಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು.

"ಇಪ್ಪತ್ತು ನಿಮಿಷ."

"ಅತ್ತೆ ಇದಾರಾ?"

"ಇದಾರೆ."

ಮೇಷ್ಟ್ರು ನಿಟ್ಟುಸಿರು ಬಿಟ್ಟು ಅಂಗಡಿಯವನತ್ತ ತಿರುಗಿದರು. "ಇವ್ರಿಗೆ ಇನ್ನೊಂದು ಟೀ ಕೊಡಪ್ಪ."