ದೀಪಕ್ಕೆ ತಕ್ಕ ಮನೆ

ಹಿತ್ತಾಳೆಯ ಕಂಬಿಯೊಂದು ಬೇಕಾದುದಕ್ಕಿಂತ ಒಂದು ಮೊಳ ಉದ್ದವಾಗಿದ್ದುದೇ ಅನಾಹುತಕ್ಕೆಲ್ಲ ಮೂಲ ಎಂಬುದರಲ್ಲಿ, ಈ ಕತೆ ಹೇಳುವವರೆಲ್ಲರಿಗೂ ಒಮ್ಮತವಿದೆ.

ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ಒಬ್ಬ ಡ್ರಾಯಿಂಗ್ ಮೇಷ್ಟರು. ಆ ಮನೆಯನ್ನು ಹೊಸದಾಗಿ ಕೊಂಡಿದ್ದ ಮಾಲಕಿ ಇನ್ನೂ ಮುಖ ತೋರಿಸಿರಲಿಲ್ಲ, ಫೋನಿನಲ್ಲಿ ಮಾತ್ರ ಕಡಾಖಂಡಿತವಾಗಿ ಹೇಳಿದ್ದರು: “ಮನೇನ ಉಗ್ರಾಣ ಮಾಡಿಟ್ಟಿದ್ದೀರಂತೆ. ಭಾನುವಾರ ಸಂಜೆ ಬರ್ತೀನಿ. ಕಣ್ಣಿಗೆ ಹಿತವಾಗಿದ್ರೆ ಇರಿ, ಇಲ್ಲಾಂದ್ರೆ ಗಂಟುಮೂಟೆ ಕಟ್ಟಿ.”

ಮಗಳ ಶಾಲೆಗೂ, ನರ್ಸ್ ಆಗಿದ್ದ ಹೆಂಡತಿಯ ಆಸ್ಪತ್ರೆಗೂ ಹತ್ತಿರವಾದ ಇನ್ನೊಂದು ಮನೆಯನ್ನು ಹುಡುಕುವುದು ಆಗದ ಮಾತು. ಆದರೆ ಮೇಷ್ಟರ ಬಳಿ ಒಂದು ಸಿದ್ಧಾಂತವಿತ್ತು: ಕೋಣೆಯ ನಡುವೆ ಗತ್ತಿನ ದೀಪವೊಂದಿದ್ದರೆ, ಒಂದಕ್ಕೊಂದು ನಂಟಿಲ್ಲದ ಸಾಮಾನುಗಳೂ ಅದರ ಬೆಳಕಿನಲ್ಲಿ ಅಣ್ಣತಮ್ಮಂದಿರಾಗುತ್ತವೆ. ಅದರಂತೆ ಮುಚ್ಚಿದ ಹೋಟೆಲೊಂದರಿಂದ ತೂಗುದೀಪ ಬಂತು. ತಲೆಕೆಳಗಾದ ಮರದಂತಿದ್ದ ಅದರ ಕೊಂಬೆಕೊಂಬೆಗೂ ಬಣ್ಣದ ಗಾಜಿನ ಬುರುಡೆ. ಜೊತೆಗೆ ಬಸ್ ನಿಲ್ದಾಣದ ಬೆಂಚು, ನಾಟಕ ಕಂಪನಿಯ ಸಿಂಹಾಸನ, ಕ್ಲಬ್ಬಿನ ಇಸ್ಪೀಟು ಮೇಜು.

ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ದೀಪ ತೂಗುಹಾಕಿ ಏಣಿ ಮಡಚಿದ. ದೀಪ ಮೇಷ್ಟರ ಗದ್ದಕ್ಕೆ ಬಂದು ನಿಂತಿತ್ತು.

“ಕಂಬಿ ಕತ್ತರಿಸೋಕಾಗಲ್ವೇನಪ್ಪಾ?”

“ಒಂದೇ ಎರಕ ಸಾರ್. ಗರಗಸ ಮುಟ್ಟಿಸಿದ್ರೆ ಗಾಜೆಲ್ಲ ಪುಡಿಪುಡಿ” ಎಂದವನೇ ಅವನು ಮೆಟ್ಟಿಲಿಳಿದ.

“ಬಿಚ್ಚಿಸಿಬಿಡಿ ಅತ್ಲಾಗೆ” ಎಂದಳು ಹೆಂಡತಿ.

“ಕೋಣೆಗೆ ದೀಪಾನೇ ಯಜಮಾನ ಕಣೇ. ಯಜಮಾನ ಬಗ್ಗಲ್ಲ, ಮನೆಯೋರು ಬಗ್ಗಬೇಕು.”

“ಅದು ನಂಗೆ ಮದುವೆ ಆದಾಗಿಂದ ಗೊತ್ತು ಬಿಡಿ.”

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಕಂಡಕ್ಟರು ಒಳನುಗ್ಗಿ, ಹಣೆಯಿಂದಲೇ ದೀಪದ ಪರಿಚಯ ಮಾಡಿಕೊಂಡರು. ಹಣೆ ಉಜ್ಜಿಕೊಳ್ಳುತ್ತಲೇ ಅಪ್ಪಣೆ ಕೊಡಿಸಿದರು: “ಮೇಲೆ ಜಾಗ ಇಲ್ಲಾಂದ್ರೆ ಕೆಳಗೆ ಮಾಡ್ಕೋಬೇಕು ಮೇಷ್ಟ್ರೇ. ಮೇಜಿನ ಕಾಲು ಕತ್ತರಿಸ್ರೀ!” ಬಡಗಿಯನ್ನು ಕರೆತಂದವರೂ ಅವರೇ.

ಮೇಜು ತಗ್ಗಿತು. ಬೆಂಚಿನ ಮೇಲೆ ಕೂತವರ ಮಂಡಿ ಮೇಜಿಗಿಂತ ಮೇಲಾಯಿತು. ಬೆಂಚನ್ನು ಕತ್ತರಿಸಿದರೆ ಸಿಂಹಾಸನ ಬೆಟ್ಟದಂತೆ ಕಂಡಿತು. ಅದನ್ನೂ ಇಳಿಸಿದಾಗ ಒಂದು ಕಾಲು ಗಿಡ್ಡವಾಗಿ ರಾಜ್ಯವೇ ವಾಲಿತು. ಉಳಿದ ಮೂರನ್ನೂ ಮತ್ತೆ ಸವರಿದರು. ಹೀಗೆ ಎಷ್ಟು ಸಲ ಸವರಿದರೆಂಬುದರಲ್ಲಿ ಪಾಠಭೇದಗಳಿವೆ. ಬಡಗಿಯ ಹೇಳಿಕೆ ಸ್ವಾಭಾವಿಕವಾಗಿಯೇ ಕಡಿಮೆಯ ಕಡೆಗಿದೆ.

ಸದ್ದು ಕೇಳಿ ಮೇಲ್ಮನೆಯ ಟೈಲರಮ್ಮ ಕತ್ತರಿ ಸಮೇತ ಇಳಿದು ಬಂದರು. “ಅಯ್ಯೋ, ಸಾಮಾನೆಲ್ಲ ಗಿಡ್ಡ ಇರೋವಾಗ ಪರದೆ ಯಾಕಣ್ಣಾ ಲಂಗದ ಥರ ಉದ್ದ?” ಎಂದವರು ಉತ್ತರಕ್ಕೆ ಕಾಯಲಿಲ್ಲ. ಕಿಟಕಿಗಳು ಚಡ್ಡಿ ತೊಟ್ಟು ನಿಂತವು. ಗೋಡೆಯ ಚಿತ್ರಗಳು ಮೊಣಕಾಲಿನ ಮಟ್ಟಕ್ಕಿಳಿದವು.

ಸಂಜೆ ದೀಪ ಹೊತ್ತಿತು. ಮಗಳು ಹಸಿರಾಗಿ, ಹೆಂಡತಿ ಅರಿಸಿನವಾಗಿ ಕಂಡರು. ಬೇಟೆಯಿಂದ ತಪ್ಪಿಸಿಕೊಂಡವರಂತೆ ಎಲ್ಲರೂ ಬಾಗಿ ಓಡಾಡುತ್ತಿದ್ದ ಆ ಮನೆಯನ್ನು ನೋಡುತ್ತ, ಮೇಷ್ಟರು ಮಣೆಯಷ್ಟಾಗಿದ್ದ ಸಿಂಹಾಸನದಲ್ಲಿ ಕುಸಿದರು. “ಗಂಟುಮೂಟೆ ಕಟ್ಟೋಣ ಕಣೇ. ಇದು ಮನೆ ಅಲ್ಲ, ಬಿಲ.”

ಕರೆಗಂಟೆ ಸದ್ದು ಮಾಡಿತು.

ಮಾಲಕಿ ಒಳಗೆ ಬಂದರು. ದೀಪದಡಿ ಬಾಗದೆ, ತಲೆ ತಗಲಿಸದೆ, ನೆಟ್ಟಗೆ ನಡೆದು ಬಂದರು. ಎತ್ತರ ಮೇಷ್ಟರ ಎದೆಗೂ ಸಾಲದು. ಬೆಂಚಿನ ಮೇಲೆ ಕೂತು ತಮ್ಮ ಪಾದಗಳನ್ನೇ ದಿಟ್ಟಿಸಿದರು. ಕಣ್ಣು ತುಂಬಿತು.

“ನೆಲ ಸಿಕ್ತು! ಹುಟ್ಟಿದಾಗಿಂದ ಯಾರ ಮನೇಲಿ ಕೂತ್ರೂ ಕಾಲು ನೇತಾಡ್ತಿತ್ತು ಕಣ್ರೀ. ಚಿತ್ರಾನೂ ಕತ್ತೆತ್ತದೆ ನೋಡಬಹುದು. ಎಂಥ ದೀಪ, ಎಂಥ ಮನೆ!”

ಮೇಷ್ಟರ ಮುಖಕ್ಕೆ ಅಂದು ಮೊದಲ ಬಾರಿಗೆ ಕಳೆ ಬಂತು. “ಹಾಗಾದ್ರೆ ನಾವು ಇರಬಹುದು ತಾನೇ, ಅಮ್ಮಾ?”

“ನೀವಾ?” ಮಾಲಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಇಂಥ ಮನೇನ ಯಾರಾದ್ರೂ ಬಾಡಿಗೆಗೆ ಬಿಡ್ತಾರಾ? ನಾನೇ ಬಂದು ಇರ್ತೀನಿ. ಮುಂದಿನ ತಿಂಗಳು ಖಾಲಿ ಮಾಡಿಕೊಡಿ. ಈ ಸಾಮಾನು ಇಲ್ಲೇ ಇರಲಿ. ಬೇರೆ ಮನೇಲಿ ನಿಮಗೆ ಯಾವ ಉಪಯೋಗಕ್ಕೆ ಬರುತ್ತೆ ಹೇಳಿ?”

ಮೇಷ್ಟರು ಪ್ರತಿಭಟಿಸಲು ಏಳಹೊರಟರು. ಸಿಂಹಾಸನ ತೀರ ತಗ್ಗಾಗಿತ್ತು, ಮಡಚಿದ ಮಂಡಿ ನೆಟ್ಟಗಾಗಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಕಂಡಕ್ಟರು ಬಂದು, ತೋಳು ಹಿಡಿದು ಎಬ್ಬಿಸುತ್ತ ಅನುಕಂಪದಿಂದಲೇ ಹೇಳಿದರು: “ಏಳಿ ಮೇಷ್ಟ್ರೇ, ನಿಮ್ಮ ಸ್ಟಾಪ್ ಬಂತು.”