ಪಾಯ ತೋಡುವ ಮೊದಲು

ಮನೆ ಕಟ್ಟಿ ಮುಗಿಸಿದವರಿಗೆ ಬ್ಯಾಂಕಿನ ಕಂತಿನ ಚಿಂತೆ. ಕಟ್ಟುತ್ತಿರುವವರಿಗೆ ಸಿಮೆಂಟು, ಉಸುಕಿನ ಚಿಂತೆ. ಆದರೆ ಕಟ್ಟಬೇಕು ಅಂತ ಮನಸ್ಸು ಮಾಡಿದ ಮೇಲೆ ಪಾಯ ತೋಡುವ ತನಕ ಕೆಲವು ದಿನ ಇರುತ್ತವಲ್ಲ, ಆ ದಿನಗಳಲ್ಲಿ ಎಂಥ ಶಾಣ್ಯಾ ಮನುಷ್ಯರೂ ಏನಾದರೊಂದು ಮಾಡಿಯೇ ಮಾಡುತ್ತಾರೆ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನನ್ನ ಆಫೀಸು. ಮನೆಯ ನಕ್ಷೆ ಬರೆದು, ಖರ್ಚಿನ ಅಂದಾಜು ಮಾಡಿಕೊಡುವುದು ನನ್ನ ಕಸುಬು. ಮೆಟ್ಟಿಲು ಹತ್ತಿ ಬಂದವರು ಮೊದಲು, ಇಂಜಿನಿಯರ್ ಸಾಹೇಬ್ರು ಯಾವಾಗ ಬರ್ತಾರ್ರಿ ಅಕ್ಕಾರ, ಅಂತ ಕೇಳುತ್ತಾರೆ. ಬಂದಾಗಿದೆ, ಕೂತ್ಕೋರಿ ಅನ್ನುತ್ತೇನೆ. ಕೂತು, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗುತ್ತಾರೆ. ಅಲ್ಲಿಂದ ಮುಂದೆ ಅವರು ಏನು ಕೇಳುತ್ತಾರೆ ಅನ್ನುವುದು ನನಗೆ ಇವತ್ತಿಗೂ ತೀರದ ಕುತೂಹಲ.

ಟೇಪು ಹಿಡಿದ ಅತಿಥಿ

ಸರಕಾರಿ ನೌಕರಿಯಿಂದ ಆಗಷ್ಟೇ ನಿವೃತ್ತರಾದ ಒಬ್ಬರು ಬಂದರು. ಇಸ್ತ್ರಿ ಮುರಿಯದ ಸಫಾರಿ, ಬಗಲಲ್ಲಿ ಚರ್ಮದ ಚೀಲ, ಮಾತು ಕಮ್ಮಿ. ಅಡುಗೆ ಕಟ್ಟೆ ಎಷ್ಟು ಎತ್ತರ ಬೇಕು, ಮೆಟ್ಟಿಲು ಎಷ್ಟು ಅಗಲ ಬೇಕು ಅಂತ ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ನಕ್ಷೆಗೆ ಅವಸರ ಮಾಡಬೇಡಿ, ಮೊದಲು ಒಂದಿಷ್ಟು ಹೊಸ ಮನೆ ನೋಡಿ, ಅನುಕೂಲ ಅನ್ನಿಸಿದ್ದನ್ನು ಅಳೆದುಕೊಂಡು ಬನ್ನಿ ಅಂದೆ. ಈ ಮಾತು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಇವರು ಕೇಳಿದರು.

ಅವತ್ತಿನಿಂದ ಎಲ್ಲಿ ಗೃಹಪ್ರವೇಶ ಇದ್ದರೂ ಇವರು ಹಾಜರು. ಆಮಂತ್ರಣ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆಹೇರಿಯ, ಅಂದರೆ ಉಡುಗೊರೆಯ, ಪಾಕೀಟು ಕೊಟ್ಟು, ಜೇಬಿನಿಂದ ಟೇಪು ತೆಗೆಯುವುದು. ಹೀಗೇ ಬಬಲೇಶ್ವರದ ಒಂದು ಮನೆಗೆ ಹೋದರು. ಅಡುಗೆ ಕಟ್ಟೆ ಅಳೆದರು, ಬಚ್ಚಲು ಅಳೆದರು, ಮೆಟ್ಟಿಲು ಅಳೆದರು, ಕೊನೆಗೆ ಹೊರಗೆ ಬಂದು ರಸ್ತೆಯ ಮೇಲೆ ಚಾಚಿಕೊಂಡಿದ್ದ ಬಾಲ್ಕನಿಯ ಕೆಳಗೆ ನಿಂತು ಮೇಲಕ್ಕೆ ನೋಡತೊಡಗಿದರು. ಮುಂದಿನದನ್ನು ನನಗೆ ಹೇಳಿದವನು ಆ ಮನೆ ಕಟ್ಟಿದ ಗೌಂಡಿ. ಮನೆಯವರಲ್ಲಿ ಗುಸುಗುಸು ಶುರುವಾಯಿತಂತೆ. ಯಾವುದೋ ಆಫೀಸಿನಿಂದ ಬಂದಾರ, ಅಳತಿ ತಗೊಳ್ಳಾಕತ್ತಾರ. ತಕ್ಷಣ ಶಾಲು ಬಂತು, ಹೊದಿಸಿದರು. ಊಟಕ್ಕೆ ಬೇರೆ ಟೇಬಲ್ಲು, ಹೋಳಿಗೆಯ ಮೇಲೆ ತುಪ್ಪದ ಧಾರೆ. ಕೈ ತೊಳೆದ ಮೇಲೆ ಯಜಮಾನರು ಅವರನ್ನು ಬದಿಗೆ ಕರೆದುಕೊಂಡು ಹೋಗಿ ಬಾಲ್ಕನಿ ತೋರಿಸಿ, ಇದು ಹೆಂಗ ಅನಸ್ತದ್ರಿ ಸಾಹೇಬ್ರ, ಅಂತ ಅಳುಕುತ್ತ ಕೇಳಿದರು.

ಇವರು ಯೋಚನೆ ಮಾಡಿ ಹೇಳಿದರಂತೆ: "ಇನ್ನ ಒಂದ್ ಫೂಟ ಹಿಂದ ಇದ್ರ ಚಂದ ಕಾಣ್ತಿತ್ರಿ."

ಮುಂದೆ ಒಂದು ದಿನ ಇವರು ಅದೇ ದಾರಿಯಲ್ಲಿ ಹೋಗುವಾಗ ನೋಡುತ್ತಾರೆ, ಬಾಲ್ಕನಿ ಒಂದು ಫೂಟು ಹಿಂದೆ ಸರಿದಿದೆ. ಕತ್ತರಿಸಿದ ಕಬ್ಬಿಣ ಇನ್ನೂ ಹಸಿಯಾಗಿ ಕಾಣುತ್ತಿದೆ. ಸಂಜೆ ನನ್ನ ಆಫೀಸಿಗೆ ಬಂದು ಕೂತವರ ಮುಖದಲ್ಲಿ ನಿವೃತ್ತಿಯ ನಂತರ ಕಾಣದಿದ್ದ ಕಳೆ.

"ಅಕ್ಕಾರ, ಬಬಲೇಶ್ವರದ ಮಂದಿ ಭಾಳ ದೊಡ್ಡವರು. ಗುರ್ತಿಲ್ಲ ಪರಿಚಯಿಲ್ಲ, ನನ್ನ ಮಾತಿಗೆ ಎಷ್ಟ ಕಿಮ್ಮತ್ತು ಕೊಟ್ಟಾರ ನೋಡ್ರಿ."

ಒಣದ್ರಾಕ್ಷಿ ಶೆಡ್ಡು

ತಿಕೋಟಾದ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಒಣದ್ರಾಕ್ಷಿ ಮಾಡಲು ತೋಟದಲ್ಲಿ ಅವರದೊಂದು ದೊಡ್ಡ ಶೆಡ್ಡು. ಕಬ್ಬಿಣದ ಕಂಬ, ಮೇಲೆ ತಗಡು, ನಾಲ್ಕೂ ಕಡೆ ಗಾಳಿಗೆ ಬಿಟ್ಟದ್ದು. ಅದನ್ನು ತಾವೇ ನಿಂತು ಕಟ್ಟಿಸಿದ್ದರಿಂದ ಕಟ್ಟಡದ ವಿಷಯದಲ್ಲಿ ಅವರಿಗೆ ಒಂದು ಧೈರ್ಯವಿತ್ತು. ನಾನು ಮನೆಯ ಅಂದಾಜು ಓದಿ ಹೇಳಿದಾಗ ಆ ಧೈರ್ಯ ಸ್ವಲ್ಪ ಅಲುಗಾಡಿತು.

ಮನೆಗಿಂತ ಶೆಡ್ಡೇ ಉದ್ದ ಇದೆ, ಅದಕ್ಕೆ ಇದರ ಕಾಲು ಭಾಗವೂ ಆಗಿಲ್ಲ, ಇದೇಕೆ ಇಷ್ಟು ಅಂತ ಕೇಳಿದರು. ಗೋಡೆ ಇರುತ್ತವಲ್ಲ ಅಂದೆ. ಗೋಡೆ ಕಮ್ಮಿ ಮಾಡಿದರೆ ಎಷ್ಟು ಇಳಿಯುತ್ತದೆ ಅಂದರು. ಹೇಳಿದೆ. ಗೋಡೆ ಇಲ್ಲದ ಮೇಲೆ ಕಿಟಕಿ ಯಾತಕ್ಕೆ ಅಂದರು, ಅದನ್ನೂ ಕಳೆದೆವು. ಕಿಟಕಿ ಹೋದ ಮೇಲೆ ಬಾಗಿಲು ಒಂದೇ ಏನು ಮಾಡುತ್ತದೆ. ಅದೂ ಹೋಯಿತು. ಗೋಡೆಗೆ ಬಳಿಯಬೇಕಾದ ಬಣ್ಣ ತಾನಾಗಿಯೇ ಹೋಯಿತು. ಸ್ಲ್ಯಾಬಿನ ಬದಲು ತಗಡು ಅಂದರು. ನನಗೂ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡೋಣ ಅನ್ನಿಸಿ, ಅವರು ಹೇಳಿದ್ದನ್ನೆಲ್ಲ ಕಳೆಯುತ್ತ ಹೋದೆ. ಕೊನೆಗೆ ಉಳಿದ ಅಂಕಿ ನೋಡಿ, ಈಗ ಬಜೆಟ್ಟಿನಾಗ ಬಂತು ನೋಡ್ರಿ, ಅಂತ ಅವರು ಕುರ್ಚಿಗೆ ಒರಗಿದರು.

ಅಷ್ಟು ಹೊತ್ತು ಸೆರಗಿನ ಅಂಚು ತಿರುವುತ್ತ ಕೂತಿದ್ದ ಅವರ ಹೆಂಡತಿ ಆಗ ಬಾಯಿ ಬಿಟ್ಟರು.

"ಅಕ್ಕಾರ, ಇವರನ್ನ ಒಂದ್ ಮಾತ ಕೇಳಿ ಬರಕೋರಿ. ನಾವು ಅದರಾಗ ಇರಾಕ ಹೊಂಟೇವೋ, ಒಣಗಾಕ ಹೊಂಟೇವೋ?"

ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ

ಜೋರಾಪುರ ಪೇಟೆಯ ಒಂದು ಸಂದಿಯಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ, ಇಬ್ಬರೂ ಸಾಲಿ ಮಾಸ್ತರರು. ಊರ ಹೊರಗೆ ಜಾಗ ತೆಗೆದುಕೊಂಡಿದ್ದರು. ಮೇಲೊಂದು ಮಜಲೂ ಸೇರಿಸಿ ಅಂದಾಜು ಕೇಳಿದ್ದರು.

ಮರುದಿನ ಗಂಡ ಒಬ್ಬರೇ ಬಂದರು. ಮೇಲಿನ ಮಜಲು ಹೆಂಡತಿಯ ಆಸೆ, ತಮ್ಮಿಂದ ಆಗುವ ಮಾತಲ್ಲ, ಹಾಗಂತ ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಮಾತು ಬೆಳೆಯುತ್ತದೆ. ಅದಕ್ಕೆ ಅಂದಾಜು ಸ್ವಲ್ಪ ಜಾಸ್ತಿ ಬರೆಯಿರಿ, ಆಕೆ ತಾನೇ ಬಿಡುತ್ತಾಳೆ ಅಂದರು. ನೋಡೋಣ ಅಂದೆ.

ಅದರ ಮರುದಿನ ಸಾಲಿ ಬಿಟ್ಟ ಮೇಲೆ ಹೆಂಡತಿ ಬಂದರು. ನಮ್ಮವರದು ಹೆದರುವ ಜೀವ, ಅಂಕಿ ದೊಡ್ಡದು ಕಂಡರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ, ಹೀಗೇ ಎಷ್ಟೋ ವರ್ಷ ಆಗಿದೆ. ಅದಕ್ಕೆ ಸ್ವಲ್ಪ ಕಮ್ಮಿ ಬರೆಯಿರಿ, ಉಳಿದದ್ದನ್ನು ನಾನು ಹೇಗಾದರೂ ಸರಿದೂಗಿಸುತ್ತೇನೆ ಅಂದರು. ಅವರಿಗೂ ನೋಡೋಣ ಅಂದೆ.

ಜಾಸ್ತಿ ಬರೆದರೆ ಹೆಂಡತಿಗೆ ಮೋಸ, ಕಮ್ಮಿ ಬರೆದರೆ ಗಂಡನಿಗೆ ಮೋಸ. ಬೇರೆ ದಾರಿ ಕಾಣದೆ ಇದ್ದದ್ದನ್ನು ಇದ್ದ ಹಾಗೇ ಬರೆದೆ.

ಇಬ್ಬರೂ ಕೂಡಿ ಬಂದ ದಿನ ಅಂದಾಜಿನ ಹಾಳೆಯನ್ನು ಅವರಿಬ್ಬರ ನಡುವೆ ಇಟ್ಟೆ. ಗಂಡ ಅಂಕಿ ನೋಡಿ ದೊಡ್ಡ ನಿಟ್ಟುಸಿರು ಬಿಟ್ಟು, ಹೆಂಡತಿಗೆ ಕಾಣದಂತೆ ನನ್ನ ಕಡೆ ಕೃತಜ್ಞತೆಯಿಂದ ನೋಡಿದರು. ಹೆಂಡತಿ ಅಂಕಿ ನೋಡಿ ತುಟಿಯ ಮೂಲೆಯಲ್ಲಿ ನಕ್ಕು, ಗಂಡನಿಗೆ ಕಾಣದಂತೆ ನನ್ನ ಕಡೆ ನೋಡಿದರು. ನಿಜವಾದ ಖರ್ಚು ಇದಕ್ಕಿಂತ ಕಮ್ಮಿ ಅಂತ ನಂಬಿದ ಗಂಡ, ಇದೇ ವರ್ಷ ಶುರು ಮಾಡೋಣ ಅಂದರು. ನಿಜವಾದ ಖರ್ಚು ಇದಕ್ಕಿಂತ ಜಾಸ್ತಿ ಅಂತ ನಂಬಿದ ಹೆಂಡತಿ, ಹಾಗಾದರೆ ಮೇಲಿನ ಮಜಲು ಸದ್ಯಕ್ಕೆ ಬೇಡ ಅಂದರು. ನನ್ನ ಆಫೀಸಿನಲ್ಲಿ ಅಷ್ಟು ಬೇಗ ಯಾವ ಗಂಡ ಹೆಂಡತಿಯೂ ಒಪ್ಪಂದಕ್ಕೆ ಬಂದಿರಲಿಲ್ಲ.

ಮನೆ ಆಯಿತು. ಗೃಹಪ್ರವೇಶದ ದಿನ ಗಂಡ ನನ್ನನ್ನು ಅಂಗಳದ ಮೂಲೆಗೆ ಕರೆದು, ಈಗರ ಹೇಳ್ರಿ, ಖರೇ ಅಂದಾಜು ಎಷ್ಟಿತ್ತು, ಅಂತ ಪಿಸುಗುಟ್ಟಿದರು. ಒಳಗೆ ಊಟಕ್ಕೆ ಬಡಿಸುತ್ತ ಹೆಂಡತಿಯೂ ಅದನ್ನೇ ಕೇಳಿದರು. ಇಬ್ಬರಿಗೂ ನಿಜ ಹೇಳಿದೆ. ಇಬ್ಬರೂ ನಂಬಲಿಲ್ಲ.

ಸುಣ್ಣದ ಪುಡಿಯ ಮನೆ

ನಿಡೋಣಿಯ ಅಣ್ಣ ತಮ್ಮ ಇಬ್ಬರು ಹೊಲ ಕೂಡಿಯೇ ಮಾಡುತ್ತಿದ್ದರು. ಆದರೆ ಅವರ ಹೆಂಡಂದಿರಿಗೆ ಒಂದೇ ಒಲೆಯ ಮುಂದೆ ಹೊಂದುತ್ತಿರಲಿಲ್ಲ. ಮಾತು ಬಿಟ್ಟು ಬಹಳ ದಿನವಾಗಿತ್ತು. ಹೊಸ ಮನೆಯ ನಕ್ಷೆ ಬರೆಸುವಾಗ ಅದಕ್ಕೇ ಒಂದು ಉಪಾಯ ಮಾಡಿದ್ದರು. ಮನೆ ಒಂದೇ, ನಡುವೆ ಉದ್ದಕ್ಕೆ ಗೋಡೆ, ಆ ಕಡೆ ಒಂದು ಅಡುಗೆ ಮನೆ, ಈ ಕಡೆ ಒಂದು, ಮುಂದೆ ಎರಡು ಬಾಗಿಲು. ನಡುವಿನ ಗೋಡೆಗೆ ಮಾತ್ರ ಬಾಗಿಲು ಬೇಡ ಅಂತ ಇಬ್ಬರು ಹೆಣ್ಣುಮಕ್ಕಳೂ ಬೇರೆ ಬೇರೆ ಬಂದು ಹೇಳಿ ಹೋಗಿದ್ದರು. ಅವರ ಅತ್ತೆ, ಊರೆಲ್ಲ ಆಯಿ ಅನ್ನುವ ಮುದುಕಿ, ಏನೂ ಹೇಳಿರಲಿಲ್ಲ.

ನೆಲದ ಮೇಲೆ ಗುರುತು ಹಾಕುವ ದಿನ ನಾನೇ ಹೋಗಿದ್ದೆ. ಗೌಂಡಿ ಹಗ್ಗ ಎಳೆದು, ಗೋಡೆ ಬರುವಲ್ಲೆಲ್ಲ ಸುಣ್ಣದ ಪುಡಿ ಉದುರಿಸಿದ. ಬಯಲಿನಲ್ಲಿ ಗೆರೆ ಎಳೆದರೆ ಎಂಥ ಖೋಲಿಯೂ ಸಣ್ಣದಾಗಿ ಕಾಣುತ್ತದೆ. ಅಣ್ಣ ತನ್ನ ಮಲಗುವ ಖೋಲಿಯಲ್ಲಿ ಅಂಗಾತ ಮಲಗಿ, ಕೈ ಕಾಲು ಚಾಚಿ, ಇಷ್ಟರಾಗ ಹ್ಯಾಂಗ್ರಿ ಅಂದ. ಗೋಡೆ ಎದ್ದ ಮೇಲೆ ದೊಡ್ಡದಾಗಿ ಕಾಣುತ್ತದೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಆಯಿ ಕೋಲೂರಿಕೊಂಡು ಬಂದರು. ಬಾಗಿಲಿನ ಗುರುತಿನ ಎದುರು ನಿಂತು, ಬಲಗಾಲಿಟ್ಟು ಒಳಗೆ ಬಂದರು. ಅಷ್ಟರಲ್ಲಿ ಗೌಂಡಿ ಗೆರೆ ದಾಟಿ ನೆಟ್ಟಗೆ ಪಡಸಾಲೆಗೆ ಬರುತ್ತಿದ್ದ.

"ತಮ್ಮಾ, ಅಲ್ಲಿ ಗ್ವಾಡಿ ಐತಿ," ಅಂದರು ಆಯಿ.

ಗೌಂಡಿ ಎತ್ತಿದ ಕಾಲನ್ನು ಹಾಗೇ ಹಿಡಿದು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಹಿಂದೆ ಸರಿದು, ಸುತ್ತು ಹಾಕಿ ಬಾಗಿಲಿನಿಂದ ಬಂದ.

ಚಹಾ ಹಳೆಯ ಮನೆಯಿಂದ ಬಂದಿತ್ತು. ಕಿಟ್ಲಿ ಸಣ್ಣ ಸೊಸೆಯ ಕೈಯಲ್ಲಿ, ಕಪ್ಪುಗಳು ದೊಡ್ಡ ಸೊಸೆಯ ಹತ್ತಿರ. ಆಯಿ ಇಬ್ಬರನ್ನೂ ಅವರವರ ಅಡುಗೆ ಮನೆಯ ಗೆರೆಯೊಳಗೆ ಕೂರಿಸಿದರು. ನಡುವೆ ಇದ್ದದ್ದು ಬೆರಳಗಲದ ಬಿಳಿ ಪುಡಿ. ಸಣ್ಣ ಸೊಸೆ ಅದರ ಮೇಲಿನಿಂದ ಕೈ ಚಾಚಿ ಚಹಾ ಸುರಿಯಲು ಹೋದಳು. ಗೋಡೆಯೊಳಗೆ ಕೈ ಹಾಕಬೇಡ, ಹೊರಗಿನಿಂದ ಬಾ ಅಂದರು ಆಯಿ. ಆಕೆ ಕಿಟ್ಲಿ ಎತ್ತಿಕೊಂಡು ತನ್ನ ಬಾಗಿಲಿನಿಂದ ಹೊರಗೆ ಹೋಗಿ, ಮನೆಯ ಮುಂದೆ ಹಾದು, ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ಸುರಿದಳು. ವಾಪಸ್ಸು ಹೋಗಿ ಕೂತಳು. ಚಹಾಕ್ಕೆ ಸಕ್ಕರೆ ಕಮ್ಮಿಯಾಗಿತ್ತು, ಸಕ್ಕರೆ ಡಬ್ಬಿ ಇದ್ದದ್ದು ಸಣ್ಣ ಸೊಸೆಯ ಕಡೆ. ಈಗ ದೊಡ್ಡ ಸೊಸೆ ಸುತ್ತು ಹೊಡೆದಳು. ಬಿಸಿಲು ಏರುತ್ತಿತ್ತು. ಇಬ್ಬರ ಮುಖವೂ ಕೆಂಪಾಗಿತ್ತು, ಬಿಸಿಲಿಗೋ ಸಿಟ್ಟಿಗೋ ನನಗೆ ತಿಳಿಯಲಿಲ್ಲ. ಆಯಿ ಮಾತ್ರ ದೇವರ ಕೆಲಸ ಮಾಡಿಸುವವರ ಹಾಗೆ ಕೂತಿದ್ದರು.

ಇನ್ನೊಂದು ಸಲ ಸುತ್ತು ಹೊಡೆಯುವಾಗ ನೆಗೆಣ್ಣಿಯರಿಬ್ಬರೂ ಮನೆಯ ಮುಂದೆ ಎದುರು ಬದುರಾದರು. ಒಬ್ಬಳ ಕೈಯಲ್ಲಿ ಕಿಟ್ಲಿ, ಒಬ್ಬಳ ಕೈಯಲ್ಲಿ ಡಬ್ಬಿ. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕೂತರು.

ಸಣ್ಣ ಸೊಸೆ ಕಣ್ಣು ಒರೆಸಿಕೊಳ್ಳುತ್ತ ನನಗೆ ಹೇಳಿದಳು: "ಅಕ್ಕಾರ, ನಡುವ ಒಂದ್ ಬಾಗಲಾ ಇಡ್ರಿ."

"ಇಡ್ರಿ. ಚಿಲಕ ನನ್ನ ಕಡೆ ಇರಲಿ," ಅಂದಳು ದೊಡ್ಡಾಕೆ.

ಸಣ್ಣಾಕೆಯ ನಗು ನಿಂತಿತು. ಅಣ್ಣ ತಮ್ಮಂದಿರ ಮುಖ ಇಳಿಯಿತು. ಎರಡೂ ಕಡೆ ಚಿಲಕ ಹಾಕೋಣ ಅಂದೆ. ಎರಡು ಚಿಲಕಕ್ಕೆ ಎಷ್ಟಾಗುತ್ತದೆ ಅಂತ ತಮ್ಮ ಕೇಳಿದ. ಎಷ್ಟಾದರೂ ಆಗಲಿ ಬರಕೋರಿ ಅಂತ ಅಣ್ಣ ಅವಸರದಿಂದ ಹೇಳಿದ. ನಾನು ನಕ್ಷೆಯ ಮೇಲೆ ಗೋಡೆಯ ನಡುವೆ ಬಾಗಿಲು ಬರೆದೆ. ಗೌಂಡಿ ಅಲ್ಲಿಯ ಸುಣ್ಣ ಒರೆಸಿದ. ಆಯಿ ಆರಿದ ಚಹಾ ಕುಡಿದು ಕಪ್ಪು ಕೆಳಗಿಟ್ಟರು.

ಕೆಲಸ ಮುಗಿಯಿತು. ಕಾಗದ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಟೆ. ಇಷ್ಟು ವರ್ಷ ನಕ್ಷೆ ಬರೆದಿದ್ದೇನೆ, ಗೆರೆ ಗೆರೆಯೇ, ಗೋಡೆ ಗೋಡೆಯೇ ಅಂತ ನನಗೆ ಗೊತ್ತು. ಆದರೂ ಬಾಗಿಲಿನ ಗುರುತಿನ ಹತ್ತಿರ ಬಂದಾಗ ಏನಾಯಿತೋ, ತಲೆ ತಗ್ಗಿಸಿ ದಾಟಿದೆ.

ಯಾರೂ ನೋಡಿಲ್ಲ ಅಂದುಕೊಂಡು ಎರಡು ಹೆಜ್ಜೆ ಹಾಕಿರಬೇಕು. ಹಿಂದಿನಿಂದ ಆಯಿಯ ದನಿ ಬಂತು.

"ಬಾಗಲಾ ಗಿಡ್ಡ ಆತೇನ ಯವ್ವಾ? ಈಗ ಹೇಳು, ಇನ್ನೂ ಕಟ್ಟಿಲ್ಲ."