ಪದ್ಮನಾಭನ ಹಾಡು, ನನ್ನ ಆಹಾ

ಹಾಡುವುದನ್ನು ಕಲಿಸಲು ಗುರುಗಳಿದ್ದಾರೆ, ಪಾಠವಿದೆ, ಪರೀಕ್ಷೆಯೂ ಇದೆ. ಕೇಳುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಹಾಗಾಗಿಯೇ ನನ್ನಂಥವರು ಯಾವ ಅರ್ಹತೆಯೂ ಇಲ್ಲದೆ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತೇವೆ. ಶಂಕರಪುರಂನಲ್ಲಿ ನನ್ನ ಗೆಳೆಯ ಪದ್ಮನಾಭನ ಮನೆಯ ಮಹಡಿ ಕೋಣೆಯಲ್ಲಂತೂ ಮುಂದಿನ ಸಾಲು, ಹಿಂದಿನ ಸಾಲು ಎರಡೂ ನಾನೊಬ್ಬನೇ ಆಗಿದ್ದೆ.

ಪದ್ಮನಾಭ ಮಾಮೂಲ್‌ಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು. ವಾರವಿಡೀ ಕೊಳಗ, ತಪ್ಪಲೆಗಳ ಗಲಾಟೆಯಲ್ಲಿದ್ದೂ ಅವನ ಶ್ರುತಿ ಹೇಗೆ ಕೆಡದೆ ಉಳಿಯಿತೋ ಕಾಣೆ. ಭಾನುವಾರ ಸಂಜೆ ನಾಲ್ಕಕ್ಕೆ ಅವನು ಹಾಡುವುದು, ಪಕ್ಕದ ಬೀದಿಯ ನಾಗರತ್ನ ಟೀಚರ್ ಪಿಟೀಲು ನುಡಿಸುವುದು, ಅಂಚೆ ಕಚೇರಿಯ ಗುಮಾಸ್ತನಾದ ನಾನು ಕೇಳುವುದು, ಹೀಗೆ ಮೂವತ್ತು ವರ್ಷ ನಡೆಯಿತು. ನಿಜ ಹೇಳಬೇಕೆಂದರೆ ನಾನು ಮೊದಲು ಹೋದದ್ದು ಹಾಡುವುದಕ್ಕೇ. ನಾನು ಪಲ್ಲವಿ ಮುಗಿಸುವಷ್ಟರಲ್ಲಿ ಟೀಚರು ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿಬಿಟ್ಟರು. ಪದ್ಮನಾಭ ಒಳ್ಳೆಯವನು, ನನ್ನ ಹೆಗಲ ಮೇಲೆ ಕೈಯಿಟ್ಟು, ಹಾಡೋರು ಜಾಸ್ತಿಯಾಗಿದ್ದಾರೆ, ಕೇಳೋಕೆ ಒಬ್ಬರು ಬೇಕಿತ್ತು ಎಂದ. ಹಾಡುವವನು ಇದ್ದದ್ದು ಅವನೊಬ್ಬನೇ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಅಲ್ಲಿ ಮೈಕಿಲ್ಲ, ವೇದಿಕೆಯಿಲ್ಲ. ಒಂದು ಸಾಲು ಹಿಡಿಸದಿದ್ದರೆ ಅವನು ಅದನ್ನೇ ಹತ್ತು ಸಲ ತಿರುಗಿಸಿ ನೋಡುತ್ತಿದ್ದ. ಆಲಾಪನೆಯ ನಡುವೆ ಅವನ ಹೆಂಡತಿ ಸುಮಿತ್ರಾ ಕಾಫಿ ತಂದರೆ ರಾಗವನ್ನು ಅಲ್ಲೇ ಬಿಟ್ಟು ಲೋಟ ಎತ್ತಿಕೊಳ್ಳುತ್ತಿದ್ದ. ಕುಡಿದಾದ ಮೇಲೆ ಎಲ್ಲಿದ್ದೆ ಎಂದು ನಮ್ಮನ್ನೇ ಕೇಳಿ, ಇನ್ನೆಲ್ಲಿಂದಲೋ ಶುರುಮಾಡುತ್ತಿದ್ದ. ಅದಕ್ಕೆ ಟೀಚರು ಗದರುತ್ತಿದ್ದರು. ನನ್ನ ಪಾಲಿನ ಕೆಲಸ ಆಹಾ ಅನ್ನುವುದು. ಅದನ್ನೂ ನಾನು ನೆಟ್ಟಗೆ ಮಾಡಲಿಲ್ಲ. ಅವನು ಗಂಟಲು ಸರಿಮಾಡಿಕೊಂಡದ್ದಕ್ಕೂ ಒಮ್ಮೆ ಆಹಾ ಅಂದು ಟೀಚರಿಂದ ಬೈಸಿಕೊಂಡಿದ್ದೇನೆ.

ಹೋದ ವರ್ಷ ಪದ್ಮನಾಭನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಪಿಸುಮಾತಷ್ಟೇ. ಭಾನುವಾರದ ಕೂಟ ನಿಂತಿತು. ನಾಲ್ಕು ಗಂಟೆಯಾದರೆ ನನಗೆ ಈಗಲೂ ಮನೆಯಲ್ಲಿ ಕೂರಲಾಗುವುದಿಲ್ಲ. ಗಾಂಧಿಬಜಾರಿಗೆ ಹೋಗಿ ಬೇಡದ ತರಕಾರಿ ಹೊತ್ತು ತರುತ್ತೇನೆ. ಸಂಗೀತ ನಿಂತ ಮೇಲೆ ಮನೆಯಲ್ಲಿ ಬದನೆಕಾಯಿ ವಿಪರೀತವಾಯಿತೆಂದು ನನ್ನವಳ ದೂರು. ಅವನ ಹಾಡು ಇನ್ನೊಮ್ಮೆ ಕೇಳಬೇಕೆಂದು ನನಗೆ ಎಷ್ಟು ಆಸೆಯಾಗುತ್ತದೆ ಎಂಬುದನ್ನು ಅವಳಿಗೆ ಹೇಳಲು ನಾಚಿಕೆ, ನಿಮಗೆ ಹೇಳುತ್ತಿದ್ದೇನೆ.

ಒಂದು ದಿನ ಪದ್ಮನಾಭನೇ ಫೋನ್ ಮಾಡಿಸಿದ. ಅವನ ಪಿಸುಮಾತು ಫೋನಿನಲ್ಲಿ ತಿಳಿಯದೆಂದು ಸುಮಿತ್ರಾ ಮಾತಾಡಿದರು. "ನೀವು ಮೊಬೈಲಲ್ಲಿ ರೆಕಾರ್ಡ್ ಮಾಡ್ತಿದ್ರಲ್ಲ, ಅದನ್ನ ಇವರು ಕೇಳ್ಬೇಕಂತೆ. ಬೇರೆ ಎಲ್ಲೂ ಇಲ್ಲ ನೋಡಿ."

ರೆಕಾರ್ಡ್ ಮಾಡಿದ್ದು ನನಗೇ ಮರೆತುಹೋಗಿತ್ತು, ಒಮ್ಮೆಯೂ ಹಾಕಿ ಕೇಳಿರಲಿಲ್ಲ. ಕಳಿಸುವ ಮುಂಚೆ ಕೇಳಿ ನೋಡಿದೆ. ರೆಕಾರ್ಡ್ ಮಾಡಿದಾಗಲೆಲ್ಲ ಮೊಬೈಲನ್ನು ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ. ಪದ್ಮನಾಭ ಎಲ್ಲೋ ಆಚೆ ಬೀದಿಯಲ್ಲಿ ಹಾಡುತ್ತಿದ್ದಾನೆ. ಇಲ್ಲಿ ಕಿವಿಯ ಪಕ್ಕದಲ್ಲೇ ನನ್ನ ಆಹಾ, ನನ್ನ ಕೆಮ್ಮು, ಕಾಫಿಗೆ ಸಕ್ಕರೆ ಸಾಲದೆಂಬ ನನ್ನ ತಕರಾರು. ಅವನು ಮೇಲಿನ ಷಡ್ಜಕ್ಕೆ ಹೋದಲ್ಲೆಲ್ಲ ನಾನು ಅಡ್ಡ ಬಿದ್ದಿದ್ದೇನೆ. ಗೆಳೆಯನ ದನಿ ಉಳಿದಿದ್ದ ಒಂದೇ ಒಂದು ಜಾಗವನ್ನು ನಾನು ಹಾಳುಮಾಡಿಟ್ಟಿದ್ದೆ.

ಮೊಬೈಲ್ ರಿಪೇರಿಗೆ ಹೋಗಿದೆ ಎಂದೆ. ಚಾರ್ಜರ್ ಸಿಗುತ್ತಿಲ್ಲ ಎಂದೆ. ಮೂರು ವಾರಕ್ಕೆ ಸುಳ್ಳುಗಳೆಲ್ಲ ಮುಗಿದವು. ಕೊನೆಗೆ ನಾನೇ ಹೋಗಿ ರೆಕಾರ್ಡಿಂಗನ್ನು ಅವನ ಮುಂದೆ ಹಾಕಿ ತಲೆತಗ್ಗಿಸಿ ಕೂತೆ. ಅವನು ಕಣ್ಣುಮುಚ್ಚಿ ಕೊನೆಯವರೆಗೂ ಕೇಳಿದ. ಇನ್ನು ಮುಂದೆ ನಿನ್ನ ಮುಂದೆ ಬಾಯಿ ಬಿಡುವುದಿಲ್ಲ, ಕ್ಷಮಿಸು ಎಂದೆ. ಅವನು ಮೊಬೈಲ್ ಆರಿಸಿ, ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿದ. ತುಟಿ ಅಲ್ಲಾಡಿತು. ದನಿಯೇ ಇಲ್ಲ, ಬರೀ ಉಸಿರು. ಆ ಉಸಿರಿನಲ್ಲೇ ರಾಗ ಮೆಲ್ಲಗೆ ಹತ್ತಿತು, ತಿರುಗಿತು, ಇಳಿದು ಬಂದು ತಾಳದ ಸಮಕ್ಕೆ ಸರಿಯಾಗಿ ಕೂತಿತು. ಆಹಾ ನನ್ನ ನಾಲಿಗೆಯ ತುದಿಗೆ ಬಂತು. ಆದರೂ ಕೊಟ್ಟ ಮಾತಿಗೆ ತಪ್ಪಬಾರದೆಂದು ತುಟಿ ಕಚ್ಚಿ ಹಿಡಿದೆ.

ಅವನು ತಾಳ ನಿಲ್ಲಿಸಿ ನನ್ನ ಮುಖ ನೋಡಿದ.

"ಯಾಕೋ," ಎಂದು ಪಿಸುಗುಟ್ಟಿದ, "ಚೆನ್ನಾಗಿರ್ಲಿಲ್ವಾ?"

ಮೂವತ್ತು ವರ್ಷ ಬೇಡದ ಕಡೆಯೆಲ್ಲ ಬಾಯಿ ಹಾಕಿದವನು, ಬೇಕಾಗಿದ್ದ ಒಂದೇ ಒಂದು ಕಡೆ ಬಾಯಿ ಮುಚ್ಚಿಕೊಂಡು ಕೂತಿದ್ದೆ.